ಎರಡು ಬಾಟ್ಲಿ ನೀರು

ಸವದತ್ತಿ ತಾಲೂಕಿನ ಒಂದು ಹಳ್ಳಿ. ಏಪ್ರಿಲ್ ತಿಂಗಳ ಮಧ್ಯಾಹ್ನ. ಎರೆಹೊಲಗಳು ಕೈ ತೂರುವಷ್ಟು ಬಿರುಕು ಬಿಟ್ಟಿದ್ದವು. ಬೈಲಹೊಂಗಲದ ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು. ನೆರಳಿದ್ದ ಒಂದು ಮನೆಯ ಕಟ್ಟೆಯ ಮೇಲೆ ಕೂತೆ. ಅದು ಊರಿನ ಹಳೆಯ ನೀರಗಂಟಿಯ ಮನೆ. ಮೂವತ್ತು ವರ್ಷ ವಾಲ್ವ್ ತಿರುಗಿಸಿದ ಅವರ ಬಲಗೈ ಮಣಿಕಟ್ಟು ಈಗಲೂ ಗಂಟುಗಟ್ಟಿದಂತಿದೆ. ಸ್ವಲ್ಪ ಹೊತ್ತಿಗೆ ಸಬ್‌ಸೆಂಟರಿನ ಸಿಸ್ಟರ್ ಬಂದರು. ಕಿತ್ತೂರು ಕಡೆಯ ಹೆಣ್ಣುಮಗಳು, ಈ ಊರಿಗೆ ಬಂದು ಎರಡು ವರ್ಷವಾಗಿದೆಯಂತೆ. ಬಿ.ಪಿ. ಪಟ್ಟಿ ತೋಳಿಗೆ ಸುತ್ತುವಾಗಲೇ ಮಾತು ನೀರಿನ ಕಡೆ ತಿರುಗಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಇಬ್ಬರೂ ನೀರನ್ನು ಹತ್ತಿರದಿಂದ ಬಲ್ಲವರು, ಒಬ್ಬರು ಪೈಪಿನ ಕಡೆಯಿಂದ, ಇನ್ನೊಬ್ಬರು ದೇಹದ ಕಡೆಯಿಂದ.

ಸಿಸ್ಟರ್: ಅಜ್ಜಾರ, ಮುಂಜಾನಿಂದ ಎಷ್ಟ್ ನೀರು ಕುಡದೀರಿ?

ಅಜ್ಜ: ಎರಡ್ ಸಲ ಚಾ ಆತು. ಉಣ್ಣುವಾಗ ಒಂದ್ ತಂಬಿಗಿ ನೀರು. ನೀರಡಿಕಿ ಆದ್ರ ತಾನ ಕುಡೀತೇನಿ ತಗೋ ಯವ್ವಾ.

ಸಿಸ್ಟರ್: ಅದ ತಪ್ಪಾಗೂದು. ನಿಮ್ಮ ವಯಸ್ಸಿನಾಗ ನೀರಡಿಕಿ ತಾನಾಗಿ ಬರೂದಿಲ್ರಿ. ಮೆದುಳಿನ ತಳದಾಗ ಒಂದು ಜಾಗಾ ಐತಿ, ರಕ್ತ ತುಸು ದಪ್ಪ ಆದ್ರ ಸಾಕು, ‘ನೀರು ಬೇಕು’ ಅಂತ ಅದು ಗಂಟಿ ಬಾರಸ್ತೈತಿ. ವಯಸ್ಸಾದಂಗ ಆ ಗಂಟಿ ಸಪ್ಪಳ ಸಣ್ಣದಾಗ್ತೈತಿ. ಮೂತ್ರಪಿಂಡಕ್ಕೂ ನೀರು ಹಿಡದಿಡೂ ಕಸುವು ಕಡಿಮಿ ಆಗಿರ್ತೈತಿ. ಒಂದೆರಡು ದಿನ ಹಿಂಗ ನಡದ್ರ ಮನುಷ್ಯಾ ಕೂತಲ್ಲೇ ಏನೇನೋ ಮಾತಾಡ್ತಾನ. ಮನ್ಯಾಗಿನವರು ಅರಳು ಮರಳು ಅಂತಾರ. ಖರೆ ಅಂದ್ರ ಅದು ಸನ್ನಿ. ನೀರು, ಉಪ್ಪು ಸರಿ ಆದ್ರ ಇಳೀತೈತಿ.

ಅಜ್ಜ: ವಯಸ್ಸಾದವರದಾತು. ಹರೇದವರಿಗೇನಾಗ್ತೈತಿ? ನಾವು ಬ್ಯಾಸಗ್ಯಾಗ ದಿನವೆಲ್ಲಾ ಗಳೇ ಹೊಡದು, ಸಂಜಿಗೆ ಬಂದು ಮಜ್ಜಿಗಿ ಕುಡದವರು. ತಲಿ ಕೆಟ್ಟಿತೇನು?

ಸಿಸ್ಟರ್: ಕೆಟ್ಟಿತು ಅಂತ ನಾ ಹೇಳಾಕತ್ತಿಲ್ಲ. ಮಂದ ಆಗ್ತೈತಿ ಅಂತೀನಿ. ಐವತ್ತು ಕಿಲೋ ತೂಕದ ಹೆಣ್ಣುಮಗಳು ಒಂದು ಲೀಟರ್ ನೀರು ಬೆವರಿನಾಗ ಕಳಕೊಂಡ್ರ ಆಕಿ ತೂಕದ ನೂರಕ್ಕ ಎರಡು ಭಾಗ ಹೋತು. ಅಷ್ಟಕ್ಕ ತಲಿನೋವು, ಸಿಟ್ಟು, ಸುಸ್ತು, ಲಕ್ಷ್ಯ ಇಲ್ಲದಂಗ ಆಗೂದು ಚಾಲೂ ಆಗ್ತೈತಿ. ಮೆದುಳಿನ ಮುಕ್ಕಾಲು ಪಾಲು ನೀರ ಐತ್ರಿ. ಉದ್ಯೋಗ ಖಾತ್ರಿ ಕೆಲಸಕ್ಕ ಕೆರಿ ಹೂಳು ತಗಿಯಾಕ ಹೋಗ್ತಾರಲ್ಲ, ಆ ಹೆಣ್ಮಕ್ಕಳನ್ನ ನೀವು ನೋಡೀರಿ. ಮಧ್ಯಾಹ್ನ ಎರಡಕ್ಕ ನನ್ನ ಕಡೆ ಬಂದು ‘ಸಿಸ್ಟರ್, ತಲಿ ಸಿಡ್ಯಾಕತ್ತೈತಿ, ಗುಳಿಗಿ ಕೊಡ್ರಿ’ ಅಂತಾರ. ನೀರು ಕುಡದೀರೇನು ಅಂದ್ರ ಇಲ್ಲ ಅಂತಾರ.

ಅಜ್ಜ: ನೀರು ಇರೂದಿಲ್ಲೇನು ಅಲ್ಲಿ?

ಸಿಸ್ಟರ್: ಇರ್ತೈತ್ರಿ. ಕೊಡಾ ತುಂಬಿ ಬದಿಗೆ ಇಟ್ಟಿರ್ತಾರ. ಕುಡೀಯೂದಿಲ್ಲ. ಕುಡದ್ರ ಎದ್ದು ಹೋಗಬೇಕು. ಬಟಾಬಯಲಾಗ ಎಲ್ಲಿಗೆ ಹೋಗ್ತಾರ? ಮರೀಗೆ ಒಂದು ಜಾಲಿಗಿಡಾನೂ ಇಲ್ಲ. ಅದಕ್ಕ ಮುಂಜಾನಿ ಮನಿ ಬಿಡುವಾಗಿಂದ್ಲೇ ಗಂಟ್ಲಾ ಬಿಗಿ ಹಿಡೀತಾರ.

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇದು ಅವರಿಗೆ ಗೊತ್ತಿರದ ಸಂಗತಿಯಲ್ಲ, ನೀರಿನ ಲೆಕ್ಕದಲ್ಲಿ ಎಂದೂ ಬರೆದುಕೊಂಡಿರದ ಸಂಗತಿ. ನಾನೂ ಬರೆದುಕೊಂಡವನಲ್ಲ. ಬಾಯಾರಿಕೆಯ ಬಗ್ಗೆ ಎಷ್ಟೋ ಓದಿದ್ದೇನೆ. ಮರೆ ಇಲ್ಲದ್ದಕ್ಕೆ ಬಾಯಾರಿ ಕೂರುವವರ ವಿಷಯ ಆ ಓದಿನಲ್ಲಿ ಸಿಕ್ಕ ನೆನಪಿಲ್ಲ.

ಸಿಸ್ಟರ್: ಶಾಲ್ಯಾಗೂ ಹಂಗ. 2019ರ ನವೆಂಬರಿನಾಗ ಕೇರಳದಾಗ ನೀರಿನ ಗಂಟಿ ಅಂತ ಮಾಡಿದ್ರು, ಗಂಟಿ ಬಾರಿಸಿದ ಕೂಡ್ಲೆ ಹುಡುಗೋರು ನೀರು ಕುಡೀಬೇಕು. ಅದ ಹೊತ್ತಿಗೆ ನಮ್ಮ ರಾಜ್ಯದಾಗೂ ಬಂತು. ಚಲೋ ಕೆಲಸ. ಆದ್ರ ಪಾಯಖಾನಿ ಕೀಲಿ ಹಾಕಿದ್ರ ಹುಡುಗಿ ಬಾಟ್ಲಿ ಬಾಯಿಗೆ ಹಚ್ಚಿ ಹಂಗ ಇಳಸ್ತಾಳ.

ಅಜ್ಜ: ಇದನ್ನ ಒಪ್ಪಿದೆ. ಆದ್ರ ನಿನ್ನ ಮಾತಿನಾಗ ಒಂದು ತೂತು ಐತಿ ಯವ್ವಾ. ‘ಕುಡೀರಿ, ಕುಡೀರಿ’ ಅಂತಿ. ಯಾವ ನೀರು ಕುಡೀಲಿ ಅಂತ ಹೇಳವಲ್ಲಿ.

ಸಿಸ್ಟರ್: ನಳದ್ದು.

ಅಜ್ಜ: ನಳದ್ದು! ಮೂವತ್ತ್ ವರ್ಷ ನಳಾ ಬಿಟ್ಟಾಂವ ನಾ. ನಳದ ಹೊಟ್ಟಿ ಒಳಗ ಏನ್ ಐತಿ ಅಂತ ನನ್ನ ಕೇಳು. ಮೂರ ದಿನಕ್ಕೊಮ್ಮೆ ನೀರು ಬಿಡತಾರ. ಬಿಟ್ಟಾಗ ಪೈಪ್ ತುಂಬಿರ್ತೈತಿ, ಒತ್ತಡ ಇರ್ತೈತಿ, ಸೋರಿದ್ರೂ ಒಳಗಿನ ನೀರು ಹೊರಗ ಹೋಗ್ತೈತಿ. ಮೋಟರ್ ಬಂದ್ ಮಾಡಿದ್ಯೋ, ಪೈಪ್ ಖಾಲಿ ಆಗ್ತ ಆಗ್ತ ಗಾಳಿ ಜಗ್ತೈತಿ. ಗಾಳಿ ಜಗ್ಗುವಾಗ ಬಿರುಕಿನ ಹೊರಗ ಗಟಾರ ಇದ್ರ ಗಟಾರದ ನೀರ ಜಗ್ತೈತಿ. ಅದರ ಮ್ಯಾಲ ನಮ್ಮ ಮಂದಿ ಒತ್ತಡ ಸಾಲೂದಿಲ್ಲಂತ ನಳದ ಬುಡಕ ಗುಂಡಿ ತೋಡ್ತಾರ. ನಳದ ಬಾಯಿ ನೆಲದಕಿಂತ ಎರಡ್ ಮೊಳ ಕೆಳಗ ಇಳದಿರ್ತೈತಿ. ಮಳಿ ಆದ್ರ ಆ ಗುಂಡಿ ತುಂಬಿ ನಳಾ ಮುಳುಗೇ ಬಿಡ್ತೈತಿ. ಆ ನೀರು ನೀ ಮೂರು ಲೀಟರ್ ಕುಡಿ ಅಂತಿ?

ಆ ಗುಂಡಿ ಅವರ ಮನೆಯ ಮುಂದೆಯೇ ಇತ್ತು. ಮೇಲೆ ಕಡಪಾ ಕಲ್ಲಿನ ತುಂಡು ಮುಚ್ಚಿದ್ದರು. ಸರಿಸಿ ನೋಡಿದರೆ ತಳದಲ್ಲಿ ಹಸಿರು ಪಾಚಿ, ಒಂದು ಒಡೆದ ಪ್ಲಾಸ್ಟಿಕ್ ಚರಿಗೆ, ನಡುವೆ ಬಟ್ಟೆ ತುರುಕಿದ ನಳ.

ಸಿಸ್ಟರ್: ನಿಮ್ಮ ಮಾತಿಗೆ ಹುಬ್ಬಳ್ಳಿ-ಧಾರವಾಡದಾಗ ಸಾಕ್ಷಿ ಐತ್ರಿ. ನಮ್ಮ ನವಿಲುತೀರ್ಥದ ಡ್ಯಾಮಿನ ನೀರ ಅಲ್ಲಿಗೆ ಹೋಗ್ತೈತಲ್ಲ. ಅಲ್ಲಿ ಕೆಲವು ವಾರ್ಡಿಗೆ ಇಪ್ಪತ್ನಾಕು ತಾಸೂ ನೀರು, ಉಳಿದವಕ್ಕ ಕೆಲವು ದಿನಕ್ಕೊಮ್ಮೆ. ಬರ್ಕ್ಲಿ ವಿಶ್ವವಿದ್ಯಾಲಯದವರು ಬಂದು ಎರಡೂ ಕಡೆ ನೀರು ಹಿಡದು ನೋಡಿದ್ರು. ಬಿಟ್ಟು ಬಿಟ್ಟು ಬರೂ ನೀರಿನಾಗ ಹೊಲಸಿನ ಕ್ರಿಮಿ ಹೆಚ್ಚು ಸಿಕ್ಕವು. ಅದರಾಗೂ ನೀರು ಬಿಟ್ಟ ಕೂಡ್ಲೆ ಮೊದಲ ಬರೂ ನೀರು ಭಾಳ ಕೆಟ್ಟದ್ದು. ಮನ್ಯಾಗ ತುಂಬಿಟ್ಟದ್ದು ಇನ್ನೂ ಕೆಡ್ತೈತಿ.

ಅಜ್ಜ: ಇಷ್ಟು ತಿಳಕೊಳ್ಳಾಕ ಅಮೆರಿಕಾದಿಂದ ಬರಬೇಕಾಗಿತ್ತೇನು? ನನ್ನ ಕೇಳಿದ್ರ ಹೇಳತಿದ್ದೆ.

ಸಿಸ್ಟರ್: ನೀವು ಹೇಳಿದ್ರ ಬರಕೊಳ್ಳವರು ಯಾರ್ರಿ? ಇನ್ನೊಂದು ಕೇಳ್ರಿ. ಇಪ್ಪತ್ನಾಕು ತಾಸು ನೀರು ಬರೂ ಕಡೆನೂ ಸಣ್ಣ ಹುಡುಗೋರ ಭೇದಿ ಒಟ್ಟಾರೆ ಕಡಿಮಿ ಆಗಲಿಲ್ಲ. ಬಡವರ ಮಕ್ಕಳಿಗೆ ರಕ್ತಭೇದಿ ಕಡಿಮಿ ಆತು, ವಿಷಮಜ್ವರ ಕಡಿಮಿ ಆತು. ಅಂದ್ರ ಪೈಪ್ ಒಂದ ಸರಿ ಮಾಡಿದ್ರ ಸಾಲೂದಿಲ್ಲ, ಕೈ, ಕೊಡ, ಗಟಾರ ಎಲ್ಲಾ ಐತಿ.

ಅಜ್ಜ: ಮುದೇನೂರು ನೆನಪೈತಿಲ್ಲೋ? ರಾಮದುರ್ಗ ತಾಲೂಕು. 2022ರ ಅಕ್ಟೋಬರ್. ನೀರು ಕುಡದು ಮಂದಿ ಜೀವಾ ಬಿಟ್ರು. ಆಸ್ಪತ್ರಿ ಹಾಸಿಗಿ ಸಾಲಲಿಲ್ಲ. ಅಲ್ಲಿ ಯಾರ ತಲಿ ಮಂದ ಆಗೇತೋ ಅಂತ ನೋಡವರು ಯಾರು? ಜೀವದ ಪ್ರಶ್ನೆ ಇದ್ದಲ್ಲಿ ಬುದ್ಧಿ ಮಾತ್ಯಾಕ?

ಸಿಸ್ಟರ್: ಅದ ನನಗೂ ನಿಮಗೂ ಬ್ಯಾರೆ ಆಗೂದು ನೋಡ್ರಿ. ನೀವು ಹೊಟ್ಟಿ ಬ್ಯಾರೆ, ತಲಿ ಬ್ಯಾರೆ ಅಂತೀರಿ. ಎರಡು ವರ್ಷದೊಳಗಿನ ಕೂಸಿಗೆ ಮ್ಯಾಲಿಂದ ಮ್ಯಾಲ ಭೇದಿ ಆದ್ರ ತಿಂದದ್ದು ಮೈಗೆ ಹತ್ತೂದಿಲ್ಲ. ಮೆದುಳು ದೌಡ ದೌಡ ಬೆಳಿಯೂದು ಅದ ವಯಸ್ಸಿನಾಗ. ಮುಂದ ಶಾಲ್ಯಾಗ ಆ ಹುಡುಗ ಹಿಂದ ಬಿದ್ರ ಮಾಸ್ತರು ದಡ್ಡ ಅಂತಾರ. ಇನ್ನೊಂದು ಹೇಳಲೇನು? ಹ್ವಾದ ವರ್ಷ ನಿಮ್ಮ ಓಣ್ಯಾಗ ಹುಡುಗಗ ಫಿಟ್ಸ್ ಬಂತಲ್ಲ.

ಅಜ್ಜ: ಬಂತು. ದೇವರಿಗೆ ಕರಕೊಂಡು ಹ್ವಾದ್ರು.

ಸಿಸ್ಟರ್: ಹೋಗ್ಲಿ, ದೇವರ ಗುಡ್ಡಕ್ಕ ಹೋಗೂದು ಬ್ಯಾಡನ್ನಂಗಿಲ್ಲ ನಾ. ಸ್ಕ್ಯಾನೂ ಮಾಡಿಸಿದ್ವಿ. ಮೆದುಳಿನಾಗ ಲಾಡಿಹುಳದ ಗಂಟು ಇತ್ತು.

ಅಜ್ಜ: ಅದು ಹಂದಿ ತಿಂದವರಿಗೆ ಬರೂದು. ಅವರ ಮನ್ಯಾಗ ತತ್ತಿನೂ ತಿನ್ನೂದಿಲ್ಲ.

ಸಿಸ್ಟರ್: ಹಂದಿ ಮಾಂಸ ಸರಿ ಬೇಯದ ತಿಂದವರಿಗೆ ಹೊಟ್ಟಿ ಒಳಗ ಹುಳ ಆಗ್ತೈತಿ. ಅವರು ಬಯಲಿಗೆ ಹೋದ್ರ ಮಲದಾಗ ಅದರ ತತ್ತಿ ಬೀಳ್ತಾವ. ಆ ತತ್ತಿ ನೀರಿನಾಗರೆ ಹಸಿ ಕೊತ್ತಂಬರ್ಯಾಗರೆ ಬ್ಯಾರೆಯವರ ಹೊಟ್ಟಿಗೆ ಹೋದ್ರ, ಮರಿ ರಕ್ತದ ಕೂಡ ಮೆದುಳಿಗೆ ಏರ್ತಾವ. ಮೂರ್ಛೆರೋಗಕ್ಕ ತಡಿಯಾಕ ಬರೂ ಕಾರಣದಾಗ ಇದು ಭಾಳ ದೊಡ್ಡದು. ತಿಂದವರು ಒಬ್ಬರು, ಬೀಳವರು ಇನ್ನೊಬ್ಬರು. ನಡುವ ನೀರು.

ಅಜ್ಜ: (ನಿಧಾನವಾಗಿ) ಇದು ಗೊತ್ತಿದ್ದಿಲ್ಲ.

ಅವರು ಎದ್ದು ಒಳಗೆ ಹೋಗಿ ಎಲೆ ಅಡಿಕೆಯ ಚೀಲ ತಂದರು. ಅಡಿಕೆ ಕತ್ತರಿಸುತ್ತಲೇ ಮುಂದಿನ ಮಾತು ಹೇಳಿದರು.

ಅಜ್ಜ: ಹುಳದ ಮಾತು ಬಂತಂತ ಹೇಳ್ತೇನಿ. ನಮ್ಮೂರಾಗ ಮೆಟ್ಟಲ ಬಾವಿ ಇತ್ತು. ಇಳದು, ಮೊಣಕಾಲ ಮಟ ನೀರಾಗ ನಿಂತು ಕೊಡಾ ತುಂಬೂದು. ನಮ್ಮ ಕಾಕಾನ ಹಿಂಬಡದಾಗ ನಾರುಹುಣ್ಣ ಎದ್ದಿತ್ತು. ಬಿಳೀ ದಾರದಂಥಾ ಹುಳಾ. ಕಡ್ಡಿಗೆ ಸುತ್ತಿ ದಿನಕ್ಕೊಂದು ಬೆರಳು ಎಳೀಬೇಕು. ಹರೀತೋ, ಕಾಲು ಬಾತು ಕಂಬ ಆಗ್ತಿತ್ತು. ಮೂರು ತಿಂಗಳು ಅಂವಾ ಹೊಲಾ ಕಾಣಲಿಲ್ಲ.

ಸಿಸ್ಟರ್: ಈಗ ಅದು ಪುಸ್ತಕದಾಗ ಐತ್ರಿ. 1996ರಾಗ ದೇಶದ ಕಡೀ ಕೇಸು. 2000ದಾಗ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕ ನಾರುಹುಣ್ಣ ಇಲ್ಲ ಅಂತ ಬರಕೊಟ್ಟಿತು. ಅರಿವ್ಯಾಗ ನೀರು ಸೋಸಿ, ಮೆಟ್ಟಲ ಬಾವಿ ಬಿಟ್ಟು ಗೆದ್ದದ್ದು.

ಅಜ್ಜ: ಬಿಟ್ಟು ಏನ್ ಮಾಡಿದ್ವಿ? ಬೋರ್ ಹೊಡದ್ವಿ. ಬೋರಿನ ನೀರು ಕಣ್ಣಿಗೆ ಕನ್ನಡಿ ಇದ್ದಂಗ. ನಾನೂ ಊರಿಗೆಲ್ಲಾ ಹೇಳೀನಿ, ಇನ್ನ ಚಿಂತಿ ಇಲ್ಲ ಅಂತ. ಆಮ್ಯಾಲ ನೋಡಿದ್ರ ಬ್ಯಾಳಿ ಬೇಯವಲ್ದು. ಸಬಕಾರ ನೊರಿ ಬರವಲ್ದು. ಹರವಿ ಒಳಮೈಗೆ ಸುಣ್ಣಾ ಬಳದಂಗ ಪರೆ. ಸವಳು ನೀರು.

ಸಿಸ್ಟರ್: ಆಳದ ಕಲ್ಲಿನ ಸಂದ್ಯಾಗ ವರ್ಷಗಟ್ಟಲೆ ನಿಂತ ನೀರು ಅದು. ಕಲ್ಲಿನ ಲವಣ ಕರಗಿಸ್ಕೊಂಡು ಬರ್ತೈತಿ. ಗಡಸು ನೀರಿನಿಂದ ತಲಿಗೇನೂ ಆಗೂದಿಲ್ಲ, ಅದರಾಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೈಗೆ ಬೇಕಾದವ. ಅಂಜಬೇಕಾದದ್ದು ಫ್ಲೋರೈಡಿಗೆ. ಮುಂಡರಗಿ ಕಡೆ, ಕೊಪ್ಪಳ ಕಡೆ ನೋಡ್ರಿ, ಹಲ್ಲು ಕಂದು, ನಡಾ ಬಗ್ಗಿದ ಮಂದಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗ ಇದ್ರ ಚಲೋ, ಬ್ಯಾರೆ ನೀರು ಇಲ್ಲಂದ್ರ ಒಂದೂವರಿ ತನಕ ನಡೀತೈತಿ ಅಂತ ನಮ್ಮ ದೇಶದ ಮಾನದಂಡ. 2024ರಾಗ ಅಮೆರಿಕಾದ ಸರ್ಕಾರದ್ದೊಂದು ದೊಡ್ಡ ವರದಿ ಬಂತು. ಒಂದೂವರಿಕಿಂತ ಹೆಚ್ಚು ಫ್ಲೋರೈಡ್ ಇದ್ದಲ್ಲಿ ಬೆಳೆದ ಮಕ್ಕಳ ಬುದ್ಧಿಮಟ್ಟ ತುಸು ಕಡಿಮಿ ಕಾಣ್ತೈತಿ ಅಂತ.

ಅಜ್ಜ: ಅಂದ್ರ ಬೋರಿನ ನೀರು ಕುಡದ ನಮ್ಮ ಹುಡುಗೋರೆಲ್ಲಾ ದಡ್ಡರಂತಿ?

ಸಿಸ್ಟರ್: ಹಂಗಲ್ರಿ ಅಜ್ಜಾರ—

ಅಜ್ಜ: ಹಂಗ ಕೇಳ್ತೈತಿ. ಈ ಬೋರಿನ ನೀರು ಕುಡದ ಹುಡುಗೋರು ಇಂಜಿನಿಯರ್ ಆಗ್ಯಾರ, ಮಿಲಿಟರ್‍ಯಾಗ ಅದಾರ. ಪ್ಯಾಟಿಯವರು ಬಂದು ನಿಮ್ಮ ನೀರು ಕೆಟ್ಟದ್ದು, ನಿಮ್ಮ ತಲಿ ಕೆಟ್ಟದ್ದು ಅಂದ್ರ ನಾಳಿ ನಮ್ಮೂರಿಗೆ ಹೆಣ್ಣು ಕೊಡಾಕ ಹಿಂದ ಮುಂದ ನೋಡ್ತಾರ. ಫ್ಲೋರೈಡ್ ಊರಂತ ಹೆಸರು ಬಿದ್ದದ್ದು ದೌಡ ಹೋಗೂದಿಲ್ಲ.

ಸಿಸ್ಟರ್: ನಾ ತಪ್ಪಾಗಿ ಹೇಳಿದೆ, ತಡೀರಿ. ಆ ವರದಿ ಬರದವರ ತಮ್ಮ ಭರವಸಿ ನಡುಮಟ್ಟದ್ದು ಅಂದಾರ. ಅದರಾಗಿನ ಎಷ್ಟೋ ಅಧ್ಯಯನ ಕಚ್ಚಾ ಅಂತ ಬ್ಯಾರೆ ತಜ್ಞರು ವಾದ ಮಾಡ್ತಾರ. ಒಂದೂವರಿಕಿಂತ ಕೆಳಗ ಏನಾಗ್ತೈತಿ ಅಂತ ಆ ವರದಿ ಹೇಳೂದಿಲ್ಲ. ಒಂದು ಹುಡುಗನ್ನ ಹಿಡದು ನಿನ್ನ ಬುದ್ಧಿ ನೀರಿನಿಂದ ಹೋತು ಅಂತ ಯಾರೂ ಹೇಳಾಕ ಬರೂದಿಲ್ಲ. ಆದ್ರ ಅಳದು ನೋಡಬೇಕಲ್ರಿ. ಹೆಸರು ಕೆಡ್ತೈತಂತ ಅಳೀಲಾರದ ಬಿಟ್ರ ಕೂಸುಗಳಿಗೆ ಅನ್ಯಾಯ.

ಅಜ್ಜ: ಅಳೀರಿ. ಅಳದದ್ದನ್ನ ನಮಗೂ ಹೇಳ್ರಿ. ನನ್ನ ಕಾಲದಾಗ ಬಾಟ್ಲ್ಯಾಗ ನೀರು ತುಂಬ್ಕೊಂಡ್ ಹ್ವಾದವರು ತಿರುಗಿ ಬಂದು ಏನ್ ಸಿಕ್ತು ಅಂತ ಒಮ್ಮೆರೆ ಹೇಳಿದ್ದು ನಾ ಕಾಣೆ. ಆಮ್ಯಾಲ ಶುದ್ಧ ನೀರಿನ ಘಟಕ ಅಂತ ಬಂತು. ನಾಣ್ಯ ಹಾಕಿದ್ರ ಇಪ್ಪತ್ತು ಲೀಟರ್ ಕ್ಯಾನ್ ತುಂಬ್ತೈತಿ. ಒಂದು ಕ್ಯಾನ್ ತುಂಬೂದ್ರಾಗ ಒಂದೆರಡು ಕ್ಯಾನ್ ನೀರು ಗಟಾರಕ್ಕ. ಬ್ಯಾಸಗ್ಯಾಗ ಬೋರ್ ಬತ್ತಾಕತ್ತಿರ್ತೈತಿ, ಇಲ್ಲಿ ಹೊಳಿ ಹರದಂಗ ಹರೀತೈತಿ. ಈಗ ಎಂಟು ತಿಂಗಳಾತು ಕೀಲಿ ಬಿದ್ದು.

ಸಿಸ್ಟರ್: ಫ್ಲೋರೈಡ್ ತಗಿಯಾಕ ಇಂಥ ಆರ್‌ಒ ಘಟಕ ಉಪಯೋಗ ಬರ್ತೈತ್ರಿ. ಕುದಿಸಿದ್ರ ಕ್ರಿಮಿ ಸಾಯ್ತಾವ, ಫ್ಲೋರೈಡ್ ಹೋಗೂದಿಲ್ಲ. ಆದ್ರ ಬ್ಯಾಡದಲ್ಲಿ ಹಚ್ಚೂದು ತಪ್ಪು. ಹಸಿರು ನ್ಯಾಯಮಂಡಳಿ 2019ರಾಗ ಇದನ್ನ ಹೇಳಿತ್ತು, ಕರಗಿದ ಲವಣ ಲೀಟರಿಗೆ ಐನೂರು ಮಿಲಿಗ್ರಾಂ ಒಳಗಿದ್ರ ಆರ್‌ಒ ಬ್ಯಾಡ ಅಂತ. ನವಿಲುತೀರ್ಥದ ಹೊಳಿ ನೀರು ಶುದ್ಧಿ ಮಾಡಿ ಕೊಟ್ರ ನಮಗ ಅದರ ಗರಜ ಇಲ್ಲ. ಕಣಕುಂಬ್ಯಾಗ ಹುಟ್ಟಿ, ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ ನಮ್ಮ ಬಾಗಲಿಗೆ ಬರೂ ನೀರದು.

ಅಜ್ಜ: ಬಾಗಲಿಗೆ ಬಂದು ನಮ್ಮ ಮುಂದ ಹಾದು ಹುಬ್ಬಳ್ಳಿಗೆ ಹೋಗ್ತೈತಿ. ನಾವು ಬೋರಿನ ಮುಂದ ಪಾಳೇ ಹಚ್ಚೀವಿ.

ಇಲ್ಲಿ ಸಿಸ್ಟರಿನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಮನೆಗೊಂದು ನಳ, ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಜಲಜೀವನ್ ಯೋಜನೆಯ ನೀಲಿ ಪೈಪು ಆ ಗುಂಡಿಯ ಪಕ್ಕದಲ್ಲೇ ನೆಲದಿಂದ ಎದ್ದು ನಿಂತಿತ್ತು, ತುದಿಗೆ ಬಿರಡೆ ಹಾಕಿತ್ತು.

ಸಿಸ್ಟರ್: ಎಂಥ ನೀರು ಅನ್ನೂದು ಪಂಚಾಯ್ತಿ ಕೈಯಾಗ ಐತಿ, ಸರ್ಕಾರದ ಕೈಯಾಗ ಐತಿ. ಎಷ್ಟು ಕುಡೀಬೇಕು ಅನ್ನೂದರೆ ನಮ್ಮ ಕೈಯಾಗ ಐತಲ್ಲ. ಅದಕ್ಕ ನಾ ಅದನ್ನ ಹೇಳ್ತೀನಿ.

ಅಜ್ಜ: ಅದನ್ನೂ ಅಳದು ಹೇಳಬೇಕು. ನಮ್ಮ ಮನ್ಯಾಕಿ ಕತಿ ನಿನಗ ಗೊತ್ತಿಲ್ಲ, ನೀ ಬರೂಕಿಂತ ಮುಂಚಿನದು. ಬಿ.ಪಿ. ಗುಳಿಗಿ ಚಾಲೂ ಇತ್ತು. ಯಾರೋ ಹೇಳಿದ್ರು, ಮೊಬೈಲ್‌ನಾಗೂ ಬಂತು, ಉಪ್ಪು ಬಿಡ್ರಿ, ದಿನಕ್ಕ ನಾಕೈದು ಲೀಟರ್ ನೀರು ಕುಡೀರಿ, ತಲಿ ಚುರುಕಾಗ್ತೈತಿ ಅಂತ. ಅಕಿ ಹೇಳಿದ್ದು ಮಾಡಾಕಿ. ಗಂಜಿಗೂ ಉಪ್ಪಿಲ್ಲ. ಪಕ್ಕದಾಗ ತಂಬಿಗಿ ಇಟ್ಕೊಂಡ ಕುಂಡರೂದು. ಹದಿನೈದು ದಿನಕ್ಕ ಮಗನ್ನ ತನ್ನ ಅಣ್ಣನ ಹೆಸರಿಲೆ ಕರ್‍ಯಾಕತ್ತಿದ್ಲು. ಒಂದು ರಾತ್ರಿ ಹಾಸಿಗಿ ಸುತ್ತಿ ಬಗಲಾಗ ಇಟ್ಕೊಂಡು ‘ಗಾಡಿ ಹೂಡ್ರಿ, ತವರಮನಿಗೆ ಹೋಗಬೇಕು’ ಅಂತ ಬಾಗಲದಾಗ ನಿಂತ್ಲು. ಅಕಿ ತವರಾಗ ಈಗ ಯಾರೂ ಉಳದಿಲ್ಲ.

ಸಿಸ್ಟರ್: ಸೋಡಿಯಂ ಇಳದಿತ್ತೇನ್ರಿ?

ಅಜ್ಜ: ನೂರಾ ಹದಿನೆಂಟು ಅಂದ್ರು. ನೂರಾ ಮೂವತ್ತೈದರ ಮ್ಯಾಲ ಇರಬೇಕಂತಲ್ಲ. ನೀರು ಹೆಚ್ಚಾಗಿ, ಉಪ್ಪು ಕಡಿಮಿ ಆಗಿ ಮೆದುಳು ಬಾತೈತಿ ಅಂದ್ರು. ಗುಳಿಗಿ ಬದಲಿ ಮಾಡಿ, ನೀರು ಹಿಡದು ಕೊಟ್ಟು, ಉಪ್ಪಿನ ಬಾಟ್ಲಿ ಹಚ್ಚಿದ್ರು. ಮೂರನೇ ದಿನ ಕಣ್ಣು ಬಿಟ್ಟು ‘ಎಮ್ಮಿ ಹಿಂಡಿದ್ರೇನು?’ ಅಂತ ಕೇಳಿದ್ಲು. ಆ ಮಾತು ಕೇಳಿ ನಾ ಹೊರಗ ಹೋಗಿ ನಿಂತು ಅತ್ತೆ ಯವ್ವಾ.

ಸಿಸ್ಟರ್ ತಮ್ಮ ಕೈಯಲ್ಲಿದ್ದ ಬಿ.ಪಿ. ಪಟ್ಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ಸಿಸ್ಟರ್: ಓಣಿ ಓಣಿಗೆ ಹೋಗಿ ‘ಹೆಚ್ಚು ನೀರು ಕುಡೀರಿ’ ಅಂತ ಹೇಳೂ ಕೆಲಸ ನಂದು. ಗುಳಿಗಿ ತಗೊಳ್ಳೂ ವಯಸ್ಸಾದವರಿಗೂ ಕೆರಿ ಕೆಲಸದ ಹೆಣ್ಮಕ್ಕಳಿಗೂ ಒಂದ ಮಾತು ಹೇಳಿದ್ರ ತಪ್ಪಾಗ್ತೈತಿ, ಒಪ್ಪಿದೆ. ಎಂಟು ಗ್ಲಾಸ್ ಲೆಕ್ಕಾನೂ ಹಂಗ. 1945ರಾಗ ಅಮೆರಿಕಾದ ಒಂದು ಮಂಡಳಿ ದಿನಕ್ಕ ಎರಡೂವರಿ ಲೀಟರ್ ಅಂತ ಹೇಳಿತ್ತು. ಅದರಾಗ ಹೆಚ್ಚಿನ ಪಾಲು ಉಣ್ಣೂ ಅನ್ನದಾಗ ಇರ್ತೈತಿ ಅಂತ ಅಲ್ಲೇ ಬರದಿತ್ತು. ಮಂದಿ ಎರಡನೇ ಮಾತು ಬಿಟ್ರು.

ಅಜ್ಜ: ಅಂಬಲಿ, ಮಜ್ಜಿಗಿ, ಸಾರು. ನಾವು ನೀರು ಕುಡೀತಿದ್ದಿಲ್ಲ ಅಂದೆನಲ್ಲ, ಉಣತಿದ್ವಿ. ಮಜ್ಜಿಗ್ಯಾಗ ಉಪ್ಪೂ ಇರತಿತ್ತು.

ಸಿಸ್ಟರ್: ಈಗಿನವರ ಊಟದಾಗ ಅದೂ ಇಲ್ರಿ. ಚಾ, ಬಿಸ್ಕೀಟು, ಕುರಕಲು. ಅದಕ್ಕ ನಾ ನನ್ನ ಮಾತು ಪೂರ್ತಿ ಬಿಡೂದಿಲ್ಲ. ಬ್ಯಾಸಗ್ಯಾಗ ನಿಮ್ಮಂಥವರು ನೀರು ಹೆಚ್ಚಾಗಿ ಬೀಳೂದಕಿಂತ ಕಡಿಮಿ ಆಗಿ ಬೀಳೂದ ನಾ ಹೆಚ್ಚು ಕಂಡೀನಿ.

ಅಜ್ಜ: ಕುಡದ್ರ ಮುಪ್ಪಿನಾಗ ಮರವು ಬರೂದಿಲ್ಲ ಅಂತರೆ ಖಾತ್ರಿ ಐತೇನು?

ಸಿಸ್ಟರ್: ಇಲ್ರಿ. ಈಗ ಕುಡದ್ರ ಈಗಿನ ತಲಿನೋವು ಹೋಗ್ತೈತಿ, ಲಕ್ಷ್ಯ ಬರ್ತೈತಿ. ನೆನಪಿನ ಮಾತಿನಾಗ ಪರೀಕ್ಷೆ ಮಾಡಿದವರಿಗೆಲ್ಲಾ ಒಂದ ಉತ್ತರ ಬಂದಿಲ್ಲ. ಇಪ್ಪತ್ತು ವರ್ಷದ ಮುಂದಿನ ಮರವಿನ ಬಗ್ಗೆ ನಾ ಮಾತು ಕೊಡೂದಿಲ್ಲ.

ಸಿಸ್ಟರ್ ಚೀಲದಿಂದ ಎರಡು ಸಣ್ಣ ಗಾಜಿನ ಬಾಟ್ಲಿ ತೆಗೆದರು. ಒಳಗೆ ಕಂದು ಬಣ್ಣದ ಪುಡಿ. ಒಂದಕ್ಕೆ ಹರವಿಯಿಂದ, ಇನ್ನೊಂದಕ್ಕೆ ನಿನ್ನೆ ನಳದಿಂದ ತುಂಬಿಟ್ಟ ಕೊಡದಿಂದ, ಗೆರೆಯ ತನಕ ನೀರು ಹಾಕಿ, ಬೆರಳು ಬಾಯಿಗೆ ತಗಲದಂತೆ ಮುಚ್ಚಿದರು. ‘ಹ’, ‘ನ’ ಎಂದು ಪೆನ್ನಿನಲ್ಲಿ ಬರೆದು ಗೋಡೆಯ ಮಾಡದಲ್ಲಿ ಇಟ್ಟರು.

ಸಿಸ್ಟರ್: ಒಂದೆರಡು ದಿನ ಇರ್ಲಿ. ಹೊಲಸಿನ ಕ್ರಿಮಿ ಇದ್ರ ನೀರು ಕರ್ರಗ ಆಗ್ತೈತಿ.

ಅಜ್ಜ: ಎರಡೂ ಕರ್ರಗಾದ್ರ?

ಸಿಸ್ಟರ್: ಬಾಟ್ಲಿ ಹಿಡ್ಕೊಂಡು ಪಂಚಾಯ್ತಿಗೆ ಹೋಗೂಣು. ನೀವೂ ಬರಬೇಕು, ಪೈಪ್ ಎಲ್ಲಿ ಗಟಾರ ದಾಟ್ತೈತಿ ಅನ್ನೂದು ನಿಮಗ ಗೊತ್ತು.

ಅಜ್ಜ: ಒಂದೂ ಆಗಲಿಲ್ಲಂದ್ರ?

ಸಿಸ್ಟರ್: ಫ್ಲೋರೈಡ್ ಇದಕ್ಕ ಕಾಣೂದಿಲ್ರಿ. ಅದನ್ನ ಬ್ಯಾರೆ ಕಿಟ್‌ನಾಗ ನೋಡಬೇಕು. ಈ ಬಾಟ್ಲಿನೂ ಪೂರ್ತಿ ಸಾಕ್ಷಿ ಅಲ್ಲ. ಕೊಡದಾಗಿನದು ತಿಳಿಯಾಗಿ ನಿಂತ ನೀರು. ಮುಂದಿನ ಪಾಳಿ ಯಾವಾಗ?

ಅಜ್ಜ: ನಾಡದ. ಮುಂಜಾನಿ ಐದೂವರಿಗೆ ಬಿಡತಾರ. ನೀ ಅಷ್ಟೊತ್ತಿಗೆ ಎದ್ದು ಎಲ್ಲಿ ಬರ್ತಿ?

ಸಿಸ್ಟರ್: ಬರ್ತೀನ್ರಿ. ಮೊದಲ ಬರೂ ನೀರು ಹಿಡೀಬೇಕು.

ಅಜ್ಜ: ಹಂಗಾರ ಐದಕ್ಕ ಬಾ. ಬಿಡೂಕಿಂತ ಮುಂಚೆ ಗುಂಡ್ಯಾಗಿನ ನೀರು ತೋಡಬೇಕು.